ಬ್ಯಾಟರಿಯ ಭಾರ, ಡ್ಯಾಂಪರಿನ ಪಾಡು



ವಿದ್ಯುತ್ ಕಾರಿನಲ್ಲಿ ಎಂಜಿನ್ ಇಲ್ಲ. ಹಾಗಾಗಿ ರಸ್ತೆಯ ಸದ್ದೆಲ್ಲ ಒಳಗೆ ಕೇಳಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಗುಂಯ್‌ಗುಡುವಿಕೆಯಡಿ ಅಡಗಿ ಹೋಗುತ್ತಿದ್ದ ಲೊಟಲೊಟ, ಧಡ್ ಧಡ್ ಎಲ್ಲವೂ ಇಲ್ಲಿ ನೇರ ಕಿವಿಗೆ ಬರುತ್ತವೆ. ಕಾರು ಹಳತಾಗುತ್ತ ಬಂದಂತೆ ಮಾಲೀಕರು ಚಾರ್ಜಿಂಗ್ ಮಾತು ಬಿಟ್ಟು ಹಂಪುಗಳ ಮಾತು ಆಡತೊಡಗುತ್ತಾರೆ. "ಎಲ್ಲಾ ಚೆನ್ನಾಗಿದೆ ಸಾರ್, ಸಸ್ಪೆನ್ಷನ್ ಮಾತ್ರ ಗಟ್ಟಿ" ಅನ್ನುವವರು ಕೆಲವರು. "ಹೈವೇಯಲ್ಲಿ ಹಿಂದುಗಡೆ ತೇಲಿದ ಹಾಗಾಗುತ್ತೆ, ಭಯ ಆಗುತ್ತೆ" ಅನ್ನುವವರು ಇನ್ನು ಕೆಲವರು. ಒಂದೇ ಕಾರಿನ ಮೇಲೆ ಈ ಎರಡೂ ದೂರು ಬರುವುದುಂಟು, ಎರಡೂ ನಿಜವಾಗಿರುವುದೂ ಉಂಟು. ಕಂಪನಿ ಹಾಕಿಕೊಟ್ಟ ಡ್ಯಾಂಪರ್ ತೆಗೆಸಿ ಹೊರಗಿನ ಒಳ್ಳೆಯ ಡ್ಯಾಂಪರ್ ಹಾಕಿಸಿದರೆ ಇದು ಸರಿಹೋದೀತೇ ಎಂಬುದು ಇವತ್ತಿನ ವಿಷಯ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಬಹಳಮಟ್ಟಿಗೆ ಸರಿಹೋಗುತ್ತದೆ. ಕಾರಿನ ಅಲಂಕಾರಕ್ಕೆ ಸುರಿಯುವ ದುಡ್ಡಿಗಿಂತ ಈ ದುಡ್ಡು ಸಾರ್ಥಕ. ಆದರೆ ಡ್ಯಾಂಪರ್ ಬದಲಿಸಲು ಹೊರಟವರಲ್ಲಿ ಅನೇಕರು ಅಂಗಡಿಯಲ್ಲಿ ಕೇಳುವುದೇನು? "ಇನ್ನೂ ಗಟ್ಟಿ ಇರೋದು ಕೊಡಿ, ಕಾರು ಒಂದಿಂಚು ಕೆಳಗಿಳಿಯಲಿ" ಅಂತ. ಅಲ್ಲಿಗೆ ಕೆಲಸ ಕೆಟ್ಟಿತು.

ಡ್ಯಾಂಪರ್ ಅಂದರೆ ನಮ್ಮ ಗ್ಯಾರೇಜುಗಳ ಶಾಕ್ ಅಬ್ಸಾರ್ಬರ್. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಚಕ್ರ ಗುಂಡಿಗೆ ಬಿದ್ದೆದ್ದಾಗ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ಒತ್ತಿಕೊಂಡದ್ದನ್ನು ವಾಪಸ್ ಕೊಡುತ್ತದೆ, ಕೊಡುತ್ತಲೇ ಇರುತ್ತದೆ. ತಡೆಯುವವರಿಲ್ಲದೆ ಬಿಟ್ಟರೆ ಕಾರು ಸೆಕೆಂಡಿಗೆ ಒಂದು, ಒಂದೂವರೆ ಬಾರಿಯಂತೆ ಮೇಲೆ ಕೆಳಗೆ ಆಡುತ್ತಲೇ ಮುಂದಿನ ಸಿಗ್ನಲ್ಲಿಗೆ ಹೋಗಿ ನಿಲ್ಲುತ್ತದೆ. ಆ ಆಟದ ಶಕ್ತಿಯನ್ನು ಶಾಖವಾಗಿಸಿ ಗಾಳಿಗೆ ಬಿಡುವುದು ಡ್ಯಾಂಪರಿನ ಕೆಲಸ. ಒಂದು ಕೊಳವೆ, ಅದರಲ್ಲಿ ಎಣ್ಣೆ, ಎಣ್ಣೆಯೊಳಗೆ ಓಡಾಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ರಂಧ್ರಗಳು, ರಂಧ್ರಗಳ ಬಾಯಿಗೆ ಒಂದರ ಮೇಲೊಂದು ಜೋಡಿಸಿದ ತೆಳು ಉಕ್ಕಿನ ಬಿಲ್ಲೆಗಳು. ಎಣ್ಣೆ ಆ ಬಿಲ್ಲೆಗಳನ್ನು ಬಾಗಿಸಿಕೊಂಡು ದಾಟಬೇಕು. ಕೆರೆಯ ನೀರಿನಲ್ಲಿ ಅಂಗೈಯನ್ನು ಮೆಲ್ಲಗೆ ಆಡಿಸಿದರೆ ನೀರು ದಾರಿ ಬಿಡುತ್ತದೆ, ಅದೇ ಅಂಗೈಯಿಂದ ರಪ್ಪನೆ ಹೊಡೆದರೆ ಕೈಯೇ ಚುರುಗುಟ್ಟುತ್ತದೆ. ಡ್ಯಾಂಪರಿನ ತಡೆಯೂ ಹೀಗೆ ವೇಗಕ್ಕೆ ತಕ್ಕಂತೆ ಏರುತ್ತದೆ. ಆ ಏರಿಕೆ ಯಾವ ರೀತಿಯದಿರಬೇಕು ಎಂಬುದರಲ್ಲೇ ಒಳ್ಳೆಯ ಡ್ಯಾಂಪರಿಗೂ ಸಾಧಾರಣ ಡ್ಯಾಂಪರಿಗೂ ಇರುವ ವ್ಯತ್ಯಾಸವೆಲ್ಲ ಅಡಗಿದೆ.

ಇದರಲ್ಲಿ ವಿದ್ಯುತ್ ಕಾರಿಗೇ ವಿಶೇಷವಾದದ್ದು ಏನು? ತೂಕ. ಟೆಸ್ಲಾ ಮಾಡೆಲ್ 3 ಕಾರಿನ ಎರಡು ಮೋಟಾರಿನ ಮಾದರಿ ಸುಮಾರು 1850 ಕಿಲೋ ತೂಗುತ್ತದೆ. ಅದೇ ಅಳತೆಯ ಪೆಟ್ರೋಲ್ ಸೆಡಾನಿಗಿಂತ ಇನ್ನೂರು ಕಿಲೋದಷ್ಟು ಹೆಚ್ಚು. 2020ರಲ್ಲಿ ಬಂದ ನಮ್ಮ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ತೂಕ 1400 ಕಿಲೋ. ಅದರ ಪೆಟ್ರೋಲ್ ಜೋಡಿಗಿಂತ ನೂರು ಕಿಲೋಗೂ ಮಿಕ್ಕಿ ಜಾಸ್ತಿ. ಈ ಹೆಚ್ಚುವರಿ ತೂಕ ಏನು ಮಾಡುತ್ತದೆ ಎಂದು ಒಂದು ಸಣ್ಣ ಲೆಕ್ಕ ಹಾಕೋಣ. ಸೆಕೆಂಡಿಗೆ 1.3 ಬಾರಿ ಆಡುವ ಸಸ್ಪೆನ್ಷನ್ ಕಾರು ನಿಂತಾಗಲೇ ತೂಕಕ್ಕೆ ಸುಮಾರು 15 ಸೆಂಟಿಮೀಟರ್ ಒತ್ತಿಕೊಂಡಿರುತ್ತದೆ. ಅದೇ ಸ್ಪ್ರಿಂಗಿನ ಮೇಲೆ ತೂಕವನ್ನು ನೂರಕ್ಕೆ ಇಪ್ಪತ್ತರಷ್ಟು ಏರಿಸಿದರೆ ಕಾರು ಇನ್ನೂ 3 ಸೆಂಟಿಮೀಟರ್ ಕುಸಿದು ಕೂರುತ್ತದೆ. ಹೊಟ್ಟೆಯಡಿಯಲ್ಲಿ ಬ್ಯಾಟರಿ ಇಟ್ಟುಕೊಂಡ ಕಾರು ಹೀಗೆ ಕುಸಿಯುವಂತಿಲ್ಲ. ಆದ್ದರಿಂದ ಕಂಪನಿ ಸ್ಪ್ರಿಂಗನ್ನು ಅಷ್ಟೇ ಪ್ರಮಾಣದಲ್ಲಿ ಗಟ್ಟಿಮಾಡುತ್ತದೆ. ತೂಕವೂ ಸ್ಪ್ರಿಂಗೂ ಇಪ್ಪತ್ತರಷ್ಟು ಏರಿದ ಮೇಲೆ, ಮೊದಲಿನ ಹದವೇ ಬೇಕೆಂದರೆ ಡ್ಯಾಂಪರಿನ ತಡೆಯೂ ಇಪ್ಪತ್ತರಷ್ಟು ಏರಬೇಕು. ಬ್ಯಾಟರಿಗೆ ಆಗಲೇ ಸಾಕಷ್ಟು ಹಣ ಹೋಗಿರುವ ಕಾರಿನಲ್ಲಿ ಲೆಕ್ಕ ಬರೆಯುವವರ ಕತ್ತರಿ ಮೊದಲು ಹೋಗುವುದು ಕಣ್ಣಿಗೆ ಕಾಣದ ಇಂಥ ಭಾಗಗಳ ಕಡೆಗೇ ಎಂಬುದು ನನ್ನ ಅನುಮಾನ.

ತೂಕದ ಈ ಸಂಕಟ ಹೊಸದೇನೂ ಅಲ್ಲ. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರನ್ನು ನೆನೆಯಿರಿ. ಚೇತನ್ ಮೈನಿಯವರ ಆ ಪುಟಾಣಿ ಕಾರು 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳನ್ನು ಸೀಟಿನಡಿ ಹೊತ್ತು ಓಡಾಡುತ್ತಿತ್ತು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಅದು ಓಡಿದ್ದೂ ಉಂಟು. ಆಗಿನ ವೇಗಕ್ಕೆ ಸಸ್ಪೆನ್ಷನ್ ಯಾರಿಗೂ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಇವತ್ತಿನ ವಿದ್ಯುತ್ ಕಾರು ನೂರರ ಆಚೆ ಸಲೀಸಾಗಿ ಓಡುತ್ತದೆ, ಭಾರವೂ ಬಹಳ ಹೆಚ್ಚು.

ಇನ್ನು ಮಾಡೆಲ್ 3ರ ಕಥೆಗೆ ಬರುತ್ತೇನೆ. ಹೊರಗಿನ ಡ್ಯಾಂಪರುಗಳ ವ್ಯಾಪಾರ ಹುರುಪಿನಿಂದ ನಡೆದ ವಿದ್ಯುತ್ ಕಾರು ಅದು. 2017ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯಿಂದ ಹೊರಬಿತ್ತು. ಅಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡದ ಹುಡುಗರೂ ಎಷ್ಟೋ ಮಂದಿ ಓಡಿಸುವ ಕಾರು. ಮುಂದೆ ಡಬಲ್ ವಿಷ್‌ಬೋನ್, ಹಿಂದೆ ಮಲ್ಟಿಲಿಂಕ್. ಜೋಡಣೆ ಉತ್ತಮ ದರ್ಜೆಯದು. ಭಾರವೆಲ್ಲ ನೆಲಕ್ಕೆ ಹತ್ತಿರವಿರುವುದರಿಂದ ತಿರುವಿನಲ್ಲಿ ವಾಲುವುದು ಕಡಿಮೆ. ಆದರೂ ಮೊದಲ ವರ್ಷಗಳ ಕಾರುಗಳ ಬಗ್ಗೆ ಸವಾರಿ ಗಟ್ಟಿ ಎಂಬ ದೂರು ವ್ಯಾಪಕವಾಗಿತ್ತು.

ಆ ದೂರಿನಲ್ಲಿ ಒಂದು ಪಾಲು ಡ್ಯಾಂಪರಿನದ್ದೇ ಅಲ್ಲ, ಟೈರಿನದ್ದು. ಆ ಕಾರಿನ ಟೈರಿಗೆ ಕಂಪನಿ ಹೇಳುವ ಗಾಳಿ 42 ಪಿಎಸ್‌ಐ. ನಮ್ಮಲ್ಲಿ ಸಾಮಾನ್ಯ ಕಾರಿಗೆ 32, 33 ಹಾಕಿಸುವ ಅಭ್ಯಾಸ ಇರುವವರಿಗೆ ಇದು ಎಷ್ಟು ಗಟ್ಟಿ ಎಂದು ಗೊತ್ತಾಗುತ್ತದೆ. ಭಾರ ಹೊರಬೇಕು, ಒಂದು ಚಾರ್ಜಿಗೆ ಹೆಚ್ಚು ದೂರವೂ ಹೋಗಬೇಕು ಎಂದು ಅಷ್ಟು ಗಾಳಿ. ಮೇಲಿಂದ ರಿಮ್ಮಿನ ಶೋಕಿ. 18 ಇಂಚಿನ ರಿಮ್ಮಿಗೆ ಹಾಕುವ 235/45 ಟೈರಿನ ಗೋಡೆ ಸುಮಾರು 106 ಮಿಲಿಮೀಟರ್ ಎತ್ತರ. 20 ಇಂಚಿನ ರಿಮ್ಮಿನ 235/35 ಟೈರಿನದ್ದು 82. ರಸ್ತೆಗೂ ಲೋಹಕ್ಕೂ ನಡುವೆ ಇರುವ ಮೊದಲ ಮೆತ್ತೆಯಲ್ಲೇ 24 ಮಿಲಿಮೀಟರ್ ಮಾಯ! ಡ್ಯಾಂಪರಿಗೆ ದುಡ್ಡು ಖರ್ಚು ಮಾಡುವ ಮೊದಲು ಚಿಕ್ಕ ರಿಮ್ಮಿಗೆ ಇಳಿಯಿರಿ ಎಂದು ನಾನು ಯಾರಿಗಾದರೂ ಹೇಳಿದರೆ ಮುಖ ಸಪ್ಪಗಾಗುತ್ತದೆ. ಪರವಾಗಿಲ್ಲ, ಹೇಳುವುದು ನನ್ನ ಧರ್ಮ. ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟೇ ಗಾಳಿ ಇದೆಯೇ, ಬುಷ್‌ಗಳು ಸವೆದಿವೆಯೇ, ಲಿಂಕ್ ರಾಡ್ ಲೊಟಗುಡುತ್ತಿದೆಯೇ ಎಂದು ನೋಡಿಸದೆ ಡ್ಯಾಂಪರಿನ ಮಾತೆತ್ತಬಾರದು.

ಇವೆಲ್ಲ ಸರಿಯಿದ್ದೂ ಕಾರು ಕುಲುಕುತ್ತಿದ್ದರೆ? ಆಗ ಡ್ಯಾಂಪರಿನೊಳಗೆ ಇಳಿಯಬೇಕು.

ಪಿಸ್ಟನ್ನಿನ ವೇಗದ ಬಗ್ಗೆ ಒಂದು ಮಾತು. ಅಂಗಡಿಯವರು "ಲೋ ಸ್ಪೀಡ್, ಹೈ ಸ್ಪೀಡ್" ಎಂದಾಗ ಅನೇಕರು ಕಾರಿನ ವೇಗ ಎಂದುಕೊಳ್ಳುತ್ತಾರೆ. ಅದು ಕಾರಿನದಲ್ಲ, ಪಿಸ್ಟನ್ನಿನದು. ತಿರುವಿನಲ್ಲಿ ಕಾರು ವಾಲುವಾಗ, ಬ್ರೇಕ್ ಹಾಕಿದಾಗ ಮೂತಿ ಬಗ್ಗಿಸುವಾಗ, ಸೇತುವೆಯ ಉಬ್ಬು ದಾಟಿ ತೇಲುವಾಗ ಪಿಸ್ಟನ್ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಸರಿಯುತ್ತದೆ. ಗುಂಡಿಯ ಅಂಚಿಗೆ ಚಕ್ರ ಹೊಡೆದಾಗ ಅದೇ ಪಿಸ್ಟನ್ ಸೆಕೆಂಡಿಗೆ ಒಂದು ಮೀಟರಿಗೂ ಮೀರಿ ಚಿಮ್ಮುತ್ತದೆ. ನಮಗೆ ಬೇಕಾದದ್ದು ಮೊದಲ ಸನ್ನಿವೇಶದಲ್ಲಿ ಗಟ್ಟಿ ಹಿಡಿತ, ಎರಡನೆಯದರಲ್ಲಿ ಸಡಿಲು. ಅಗ್ಗದ ಡ್ಯಾಂಪರಿನ ಕವಾಟಕ್ಕೆ ಈ ಎರಡನ್ನೂ ಚೆನ್ನಾಗಿ ನಿಭಾಯಿಸುವ ಸೂಕ್ಷ್ಮ ಇರುವುದಿಲ್ಲ. ಹೈವೇಯ ತೇಲಾಟ ತಡೆಯುವಷ್ಟು ಬಿಗಿ ಮಾಡಿದರೆ ಗುಂಡಿಯಲ್ಲಿ ಒದೆಯುತ್ತದೆ. ಗುಂಡಿಗೆಂದು ಸಡಿಲಿಸಿದರೆ ಹೈವೇಯಲ್ಲಿ ತೇಲುತ್ತದೆ. ಒಂದೇ ಕಾರಿನ ಮೇಲೆ ಎರಡು ದೂರು ಬರುವುದು ಇದರಿಂದ. ಒಳ್ಳೆಯ ಡ್ಯಾಂಪರಿನಲ್ಲಿ ಬಿಲ್ಲೆಗಳ ದಪ್ಪ, ವ್ಯಾಸ, ಜೋಡಣೆಯ ಕ್ರಮವನ್ನು ಹೊಂದಿಸಿ ತಡೆ ಬೇಗ ಏರಿ, ಒಂದು ಮಟ್ಟದ ಮೇಲೆ ಬಿಲ್ಲೆಗಳು ಬಾಗಿ ಎಣ್ಣೆಗೆ ದಾರಿ ಬಿಡುವಂತೆ ಮಾಡಿರುತ್ತಾರೆ. ಹಾಗಾಗಿ ಬದಲಿಸಿದ ಮೇಲೆ ಕಾರು ಏಕಕಾಲಕ್ಕೆ ಮೆತ್ತಗೂ ಸ್ಥಿರವೂ ಆಗಬಲ್ಲದು. ಇದನ್ನು ಕೇಳಿ ನಂಬದವರು ಹೆಚ್ಚು.

ತಡೆ ಹೆಚ್ಚಿದಷ್ಟೂ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಅಲ್ಲ. ಕಾರು ಒಮ್ಮೆಯೂ ಆಚೀಚೆ ಆಡದೆ ತನ್ನ ಜಾಗಕ್ಕೆ ಬಂದು ನಿಲ್ಲಲು ಬೇಕಾದ ತಡೆಯನ್ನು ನೂರು ಎಂದಿಟ್ಟುಕೊಂಡರೆ, ಸಾಮಾನ್ಯ ಸವಾರಿ ಕಾರುಗಳು ಇರುವುದು ಇಪ್ಪತ್ತರಿಂದ ನಲವತ್ತರ ನಡುವೆ. ಡ್ಯಾಂಪರ್ ಕಾರನ್ನು ಹಿಡಿಯುವ ಕೈ ಮಾತ್ರವಲ್ಲ, ರಸ್ತೆಯ ನಡುಕವನ್ನು ಸೀಟಿಗೆ ತಲುಪಿಸುವ ದಾರಿಯೂ ಹೌದು. ಅದನ್ನು ಬಿಗಿದಷ್ಟೂ ಆ ದಾರಿ ಅಗಲವಾಗುತ್ತದೆ.

ಈ ನಡುಕಗಳಲ್ಲಿ ಎಲ್ಲವೂ ನಮಗೆ ಸಮನಾಗಿ ತಾಗುವುದಿಲ್ಲ. ಮೈ ಮೇಲಿನ ಕಂಪನವನ್ನು ಅಳೆಯುವ ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ಕೂತ ಮನುಷ್ಯನಿಗೆ ಮೇಲೆ ಕೆಳಗೆ ಆಡುವ ಕಂಪನಗಳಲ್ಲಿ ಅತಿ ಹೆಚ್ಚು ಹಿಂಸೆ ಕೊಡುವುದು ಸೆಕೆಂಡಿಗೆ 4ರಿಂದ 8ರ ನಡುವಿನವು. ಈಗ ಕ್ಯಾಲಿಫೋರ್ನಿಯಾದ ಹಳೆಯ ಕಾಂಕ್ರೀಟ್ ಹೆದ್ದಾರಿಗೆ ಬನ್ನಿ. ನಾಲ್ಕೂವರೆ ಮೀಟರ್ ಆಸುಪಾಸಿಗೊಂದು ಜೋಡಣೆ ಇದೆಯೆನ್ನಿ. ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ ಆರೂವರೆ ಜೋಡಣೆ ದಾಟುತ್ತೀರಿ. ಸರಿಯಾಗಿ ಮೈಗೆ ಆಗದ ಲಯ! ಕಾರಿನ ದೇಹ ಆಡುವ ಲಯಕ್ಕಿಂತ ಬಹಳ ಮೇಲೆ, ಚಕ್ರ ತಾನೇ ಕುಣಿಯುವ ಲಯಕ್ಕಿಂತ ಕೆಳಗೆ. ಎಂಜಿನ್ ಇಲ್ಲದ ನಿಶ್ಶಬ್ದದಲ್ಲಿ ಅದೊಂದೇ ಉಳಿದು ತಲೆ ಚಿಟ್ಟು ಹಿಡಿಸುತ್ತದೆ. ನಮ್ಮ ಫ್ಲೈಓವರುಗಳ ಜೋಡಣೆಗಳು ದೂರದೂರ ಇರುವುದರಿಂದ ಈ ಲಯ ಹುಟ್ಟುವುದಿಲ್ಲ. ಒಂದೊಂದು ಹೊಡೆತ ಬಿಡಿಯಾಗಿ ಬೀಳುತ್ತದೆ, ಅಷ್ಟೆ.

ಇಂಥ ಸಣ್ಣ ನಡುಕಕ್ಕೆಂದೇ ಒಂದು ಜಾಣ ಉಪಾಯವಿದೆ. ಡ್ಯಾಂಪರಿನೊಳಗೆ ಎಣ್ಣೆಗೆ ಮಾಮೂಲಿ ದಾರಿಯ ಜೊತೆಗೆ ಇನ್ನೊಂದು ಪಕ್ಕದ ದಾರಿ ಇಟ್ಟಿರುತ್ತಾರೆ. ಪಿಸ್ಟನ್ ಒಂದೇ ದಿಕ್ಕಿಗೆ ನಿಧಾನವಾಗಿ ಸರಿಯುತ್ತ ಹೋದರೆ ಒತ್ತಡ ತುಂಬಿ ಪಕ್ಕದ ದಾರಿ ಮುಚ್ಚಿಕೊಳ್ಳುತ್ತದೆ, ಡ್ಯಾಂಪರ್ ಬಿಗಿಯಾಗುತ್ತದೆ. ಸಣ್ಣ ನಡುಕದಲ್ಲಿ ಪಿಸ್ಟನ್ ಬೇಗಬೇಗ ದಿಕ್ಕು ಬದಲಿಸುವುದರಿಂದ ಮುಚ್ಚಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ, ಡ್ಯಾಂಪರ್ ಸಡಿಲವಾಗಿಯೇ ಉಳಿಯುತ್ತದೆ. ವೈರಿಲ್ಲ, ಕಂಪ್ಯೂಟರಿಲ್ಲ. ನೆದರ್ಲೆಂಡ್ಸಿನ ಕೋನಿ ಕಂಪನಿ ಇದನ್ನು ಪ್ರಸಿದ್ಧಗೊಳಿಸಿತು. 1857ರಲ್ಲಿ ಕುದುರೆ ಸಜ್ಜಿನ ಸಾಮಾನು ಮಾಡುತ್ತ ಶುರುವಾಗಿ, 1932ರಿಂದ ಡ್ಯಾಂಪರಿಗೆ ಇಳಿದ ಮನೆತನ ಅದು. 2021ರ ಮಹೀಂದ್ರ ಎಕ್ಸ್‌ಯುವಿ 700 ಕಾರಿನಲ್ಲೂ ಈ ತತ್ತ್ವದ ಡ್ಯಾಂಪರ್ ಬಂತು. ಟೆಸ್ಲಾ ಕಂಪನಿ 2023ರಲ್ಲಿ ಮಾಡೆಲ್ 3ಕ್ಕೆ ಹೊಸ ರೂಪ ಕೊಟ್ಟಾಗ ತಾನೇ ಇಂಥದ್ದನ್ನು ಹಾಕಿತು. ಹಳೆಯ ಕಾರಿನವರ ದೂರು ಬರೀ ಗೊಣಗಾಟವಾಗಿರಲಿಲ್ಲ ಎಂದು ನಾನು ಓದಿಕೊಳ್ಳುವುದು ಇದರಿಂದಲೇ.

ಇನ್ನೊಂದು ಬಗೆ ಒಂಟಿ ಕೊಳವೆಯದು. ಸಾಮಾನ್ಯ ಡ್ಯಾಂಪರಿನಲ್ಲಿ ಕೊಳವೆಯೊಳಗೆ ಕೊಳವೆ. ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ದುಡಿದರೆ ಎಣ್ಣೆಗೆ ಗಾಳಿ ಬೆರೆತು ನೊರೆಯಾಗಿ ಹಿಡಿತ ಸಡಿಲುತ್ತದೆ. ಫ್ರಾನ್ಸಿನ ಕ್ರಿಸ್ಟಿಯನ್ ಬೂರ್ಸಿಯೆ ದ ಕಾರ್ಬನ್ ಎಂಬಾತ ಒಂದೇ ಕೊಳವೆಯಲ್ಲಿ ತೇಲುವ ಪಿಸ್ಟನ್ ಇಟ್ಟು, ಅದರಾಚೆ ಒತ್ತಡದಲ್ಲಿ ಅನಿಲ ತುಂಬಿ ನೊರೆಯಾಗದಂತೆ ಮಾಡಿದ. ಆ ಹಕ್ಕು ಪಡೆದ ಜರ್ಮನಿಯ ಬಿಲ್‌ಸ್ಟೈನ್ ಕಂಪನಿ 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಕೊಟ್ಟಿತು. ಭಾರದ ಕಾರಿಗೆ, ಘಾಟಿಯ ರಸ್ತೆಗೆ ಇದು ಚೆನ್ನ. ಆದರೆ ಕಲ್ಲು ಸಿಡಿದು ಆ ಕೊಳವೆ ಸೊಟ್ಟಗಾದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಜಲ್ಲಿ ರಸ್ತೆಯಲ್ಲೇ ದಿನ ಕಳೆಯುವವರು ಇದನ್ನೂ ಯೋಚಿಸಬೇಕು.

ಕಾರನ್ನು ಕೆಳಗಿಳಿಸುವ ಗೀಳಿನ ವಿಷಯ ಬಾಕಿ ಇದೆ. ಸ್ವೀಡನ್ನಿನ ಓಲಿನ್ಸ್, ಜರ್ಮನಿಯ ಕೆಡಬ್ಲ್ಯೂ ಮುಂತಾದವರು ಮಾಡೆಲ್ 3ಕ್ಕೆ ಸ್ಪ್ರಿಂಗ್ ಸಮೇತ ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ ಸೆಟ್ ಮಾರುತ್ತಾರೆ. ಸರಕು ಉತ್ತಮ; ಆದರೆ ಕೊಂಡವರು ಮೊದಲು ಮಾಡುವ ಕೆಲಸ ಕಾರನ್ನು ತೀರಾ ಕೆಳಗೆ ತಿರುಗಿಸುವುದು. ಎರಡೂವರೆ ಸೆಂಟಿಮೀಟರ್ ಇಳಿಸಿದರೆ ಚಕ್ರ ಮೇಲೇರಲು ಇರುವ ಜಾಗ ಅಷ್ಟೇ ಕಡಿಮೆಯಾಗುತ್ತದೆ, ಪಿಸ್ಟನ್ ರಾಡಿನ ತುದಿಯ ರಬ್ಬರು ಬೇಗ ಬಡಿಯುತ್ತದೆ. "ಹೊಸ ಡ್ಯಾಂಪರ್ ಒದೆಯುತ್ತೆ" ಎನ್ನುವವರ ಕಾರಿನಲ್ಲಿ ಎಷ್ಟೋ ಸಲ ಒದೆಯುತ್ತಿರುವುದು ಆ ರಬ್ಬರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಅಳತೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮ ಬೀದಿಯ ಹಂಪುಗಳು ಆ ಪುಸ್ತಕ ಓದಿದಂತೆ ಕಾಣುವುದಿಲ್ಲ. ನೆಲದಿಂದ 205 ಮಿಲಿಮೀಟರ್ ಎತ್ತರ ಇಟ್ಟುಕೊಂಡು ಬಂದ ನೆಕ್ಸಾನನ್ನು ಇಳಿಸಿ, ಬ್ಯಾಟರಿಯ ಪೆಟ್ಟಿಗೆಯನ್ನು ಹಂಪಿಗೆ ಉಜ್ಜಿಸುವ ಸುಖ ಯಾರಿಗೆ ಬೇಕು?

ಸ್ಪ್ರಿಂಗನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದೆಂಬುದಕ್ಕೆ ಇನ್ನೂ ಹಳೆಯ ಕಾರಣವೊಂದಿದೆ. ರೋಲ್ಸ್-ರಾಯ್ಸ್‌ನಿಂದ ಅಮೆರಿಕದ ಕ್ಯಾಡಿಲಾಕ್‌ಗೆ 1930ರಲ್ಲಿ ಹೋದ ಮಾರಿಸ್ ಆಲಿ ಎಂಬ ಎಂಜಿನಿಯರ್, ಕಾರಿನ ಮೇಲೆ ತೂಕಗಳನ್ನು ಅತ್ತಿತ್ತ ಸರಿಸಿ ಸವಾರಿಯನ್ನು ಪರೀಕ್ಷಿಸಿದ. ಹಿಂದಿನ ಸಸ್ಪೆನ್ಷನ್ ಮುಂದಿನದಕ್ಕಿಂತ ಸ್ವಲ್ಪ ಚುರುಕಾಗಿ ಆಡಬೇಕೆಂದು ಕಂಡುಕೊಂಡ. ಯಾಕೆಂದರೆ ಹಂಪು ಮೊದಲು ತಾಗುವುದು ಮುಂದಿನ ಚಕ್ರಕ್ಕೆ. 2875 ಮಿಲಿಮೀಟರ್ ಚಕ್ರಾಂತರದ ಮಾಡೆಲ್ 3, ಗಂಟೆಗೆ 20 ಕಿಲೋಮೀಟರಿನಲ್ಲಿ ಹಂಪು ಹತ್ತಿದರೆ ಹಿಂದಿನ ಚಕ್ರ ಅರ್ಧ ಸೆಕೆಂಡ್ ತಡವಾಗಿ ಹತ್ತುತ್ತದೆ. ಹಿಂಭಾಗ ಚುರುಕಾಗಿದ್ದರೆ ಆ ತಡವನ್ನು ಹಿಡಿದುಕೊಂಡು ಮುಂಭಾಗದ ಜೊತೆ ಸಮ ಬೀಳುತ್ತದೆ. ಇಲ್ಲದಿದ್ದರೆ ಕಾರು ಮೂತಿ-ಬಾಲ ಎತ್ತಿ ಹಾಕುತ್ತ ಹಿಂದೆ ಕೂತವರಿಗೆ ವಾಕರಿಕೆ ತರುತ್ತದೆ. ಮುಂದೆ ಮಾತ್ರ ಗಟ್ಟಿ ಸ್ಪ್ರಿಂಗ್ ತುರುಕಿದ ಕಾರುಗಳಲ್ಲಿ ಆಗುವುದು ಇದೇ. ಮನೆ ಮಂದಿಯನ್ನು ಕೂರಿಸಿಕೊಂಡು ಓಡಾಡುವವರು ಕಂಪನಿಯ ಸ್ಪ್ರಿಂಗನ್ನೇ ಉಳಿಸಿಕೊಂಡು, ಅದಕ್ಕೆ ಹೊಂದುವ ಡ್ಯಾಂಪರ್ ಮಾತ್ರ ಬದಲಿಸಲಿ ಎನ್ನುವುದು ನನ್ನ ಸಲಹೆ.

ತಡೆ ಹೊಂದಿಸಲು ತಿರುಗಿಸುವ ಗುಂಡಿಯಿರುವ ಡ್ಯಾಂಪರಾದರೆ ತಯಾರಕರು ಹೇಳಿದ ಮಟ್ಟದಿಂದ ಶುರುಮಾಡಿ. ಒಮ್ಮೆಗೆ ಒಂದೆರಡು ಕ್ಲಿಕ್ ಮಾತ್ರ, ಪರೀಕ್ಷೆ ಪ್ರತಿಸಲವೂ ಅದೇ ರಸ್ತೆಯಲ್ಲಿ. ರಿಬೌಂಡನ್ನು, ಅಂದರೆ ಒತ್ತಿಕೊಂಡ ಸ್ಪ್ರಿಂಗ್ ಹಿಗ್ಗುವಾಗಿನ ತಡೆಯನ್ನು, ಅತಿಯಾಗಿ ಬಿಗಿದರೆ ಒಂದು ವಿಚಿತ್ರ ಆಗುತ್ತದೆ. ಹೆದ್ದಾರಿಯಲ್ಲಿ ಊರು ಬರುವ ಮೊದಲು ಸಾಲಾಗಿ ಸಣ್ಣ ಉಬ್ಬುಗಳನ್ನು ಹಾಕಿರುತ್ತಾರಲ್ಲ, ಅಲ್ಲಿ ಒಂದು ಉಬ್ಬು ದಾಟಿ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನದು ಬಂದಿರುತ್ತದೆ. ಉಬ್ಬಿಗೊಮ್ಮೆ ಕಾರು ಕುಸಿಯುತ್ತ ಕುಸಿಯುತ್ತ ಕೊನೆಯಲ್ಲಿ ರಬ್ಬರಿಗೆ ಬಡಿಯುತ್ತದೆ. ಕೂತವರು "ಇದು ಮೆತ್ತಗಾಯ್ತು, ಇನ್ನೂ ಬಿಗಿಮಾಡಿ" ಅನ್ನುತ್ತಾರೆ. ಮಾಡಬೇಕಾದದ್ದು ಸಡಿಲಿಸುವುದು.

ಗ್ಯಾರೇಜಿನ ಕೆಲಸದಲ್ಲಿ ಮೂರು ಎಚ್ಚರಿಕೆ ಸಾಕು. ಜಾಕ್ ಇಡಬೇಕಾದದ್ದು ಕಂಪನಿ ಗುರುತಿಸಿದ ಜಾಗದಲ್ಲಿ ಮಾತ್ರ. ಬ್ಯಾಟರಿಯ ಪೆಟ್ಟಿಗೆಗೆ ಜಾಕ್ ಕೊಟ್ಟು ಎತ್ತಿದರೆ ಡ್ಯಾಂಪರಿನ ಖರ್ಚು ಲೆಕ್ಕಕ್ಕೇ ಬಾರದಷ್ಟು ನಷ್ಟ. ಎರಡನೆಯದು, ಅವಸರದ ಮೆಕ್ಯಾನಿಕ್ ಮರೆಯುವಂಥದ್ದು: ತೋಳುಗಳ ರಬ್ಬರ್ ಬುಷ್ ಬೋಲ್ಟುಗಳನ್ನು ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಕಾರಿನ ಭಾರ ಚಕ್ರದ ಮೇಲೆ ಬಂದ ಸ್ಥಿತಿಯಲ್ಲೇ ಕೊನೆಯ ಬಿಗಿ. ಇಲ್ಲವಾದರೆ ಕಾರು ಇಳಿದಾಗ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ, ಸವಾರಿ ಗಟ್ಟಿಯಾಗುತ್ತದೆ, ಸ್ವಲ್ಪ ದಿನಕ್ಕೆ ಹರಿಯುತ್ತದೆ. ಬೈಗುಳ ತಿನ್ನುವುದು ಮಾತ್ರ ಹೊಸ ಡ್ಯಾಂಪರ್. ಮೂರನೆಯದು, ವಿದ್ಯುತ್ತಿನಿಂದ ಹದ ಬದಲಿಸುವ ಡ್ಯಾಂಪರ್ ಇರುವ ಕಾರಿನಲ್ಲಿ ಮಾಮೂಲಿ ಡ್ಯಾಂಪರ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ದೋಷದ ದೀಪ ಹತ್ತುತ್ತದೆ. ಅದಕ್ಕೆ ಪರಿಹಾರ ಸೆಟ್ಟಿನಲ್ಲೇ ಇದೆಯೇ ಎಂದು ಕೊಳ್ಳುವ ಮೊದಲು ಕೇಳಿ. 2024ರ ಮಾಡೆಲ್ 3 ಪರ್ಫಾರ್ಮೆನ್ಸ್ ಅಂಥ ಕಾರು.

ಕಾನೂನಿನ ವಿಷಯ ಚುಟುಕಾಗಿ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯಿದೆ. ಹೊರಗಿನ ಭಾಗ ಹಾಕಿದ ಒಂದೇ ಕಾರಣಕ್ಕೆ ಕಂಪನಿ ವಾರಂಟಿ ತಳ್ಳಿಹಾಕುವಂತಿಲ್ಲ. ಆ ರಕ್ಷಣೆ ನಮಗೂ ಇದೆ ಎಂದು ಭಾವಿಸಬೇಡಿ. ವಾರಂಟಿ ಪುಸ್ತಕದ ಸಣ್ಣ ಅಕ್ಷರ ಓದಿ. ನಮ್ಮ ಮೋಟಾರು ವಾಹನ ಕಾಯಿದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸಬಾರದು ಎನ್ನುತ್ತದೆ. ಅಳತೆ ಬದಲಾಗದಂತೆ ಡ್ಯಾಂಪರ್ ಬದಲಿಸುವುದು ಒಂದು. ಕಾರಿನ ರೂಪವನ್ನೇ ಎತ್ತಿ ಇಳಿಸುವುದು ಇನ್ನೊಂದು.

ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ಗ್ಯಾರೇಜ್ ಬಿಡಬೇಡಿ. ಭಾರದ ಕಾರಿನಲ್ಲಿ ಅದು ಸ್ವಲ್ಪ ತಪ್ಪಿದರೂ ಟೈರಿನ ಒಳ ಅಂಚು ಬೇಗ ಬೋಳಾಗುತ್ತದೆ. ಸ್ಪ್ರಿಂಗ್ ಬದಲಿಸಿದ್ದರೆ ಅದು ಕೂರುವವರೆಗೆ ಕೆಲವು ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ನೋಡಿಸಿ. ತೆಗೆದ ಹಳೆಯ ಡ್ಯಾಂಪರುಗಳನ್ನು ಗುಜರಿಗೆ ಕೊಡಬೇಡಿ. ಎಡ ಬಲ, ಮುಂದೆ ಹಿಂದೆ ಎಂದು ಚೀಟಿ ಕಟ್ಟಿ ಅಟ್ಟದ ಮೇಲಿಡಿ. ಕಾರು ಮಾರುವ ದಿನ ಅವನ್ನು ಮತ್ತೆ ಹಾಕಿಸಿ, ಒಳ್ಳೆಯ ಸೆಟ್ಟನ್ನು ಬೇರೆಯೇ ಮಾರಬಹುದು. ಕಾರಿನ ಜೊತೆಗೇ ಕೊಟ್ಟರೆ ಅದಕ್ಕೆ ಹೆಚ್ಚು ಬೆಲೆ ಕಟ್ಟುವ ಗಿರಾಕಿ ಸಿಗುವುದು ಕಷ್ಟ.